ನಲವತ್ತೊಂದನೇ ಚೀಲದ ಗಂಟು

ಮಣ್ಣಿಗೆ ಕೈ ಹಾಕಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಹುಟ್ಟುಗುಣ ಅಲ್ಲ, ಕಸುಬು ಕಲಿಸಿದ್ದು. ಸೊರಬ ತಾಲ್ಲೂಕಿನಲ್ಲಿ ಮೂವತ್ತು ವರ್ಷ ಜಮೀನು ಅಳೆದವನು ನಾನು, ಲೈಸೆನ್ಸ್ ಇದ್ದ ಸರ್ವೆಯರ್. ಗಡಿಕಲ್ಲು ಕಿತ್ತು ನಾಲ್ಕು ಹೆಜ್ಜೆ ಆಚೆ ನೆಟ್ಟು, ಅದರ ಬುಡಕ್ಕೆ ಪಾಚಿ ಮೆತ್ತಿ, "ನಮ್ಮಜ್ಜನ ಕಾಲದಿಂದ ಇಲ್ಲೇ ಐತೆ ಸಾರ್" ಅಂತ ದೇವರಾಣೆ ಹಾಕಿದವರನ್ನು ನೋಡಿದ್ದೀನಿ. ಆ ಪಾಚಿ ಬೆರಳಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಅಂಥವರ ನಡುವೆ ಬದುಕಿದವನು ಯಾರನ್ನು ನಂಬಬೇಕು ಹೇಳಿ.

ನನಗಿಂತ ದೊಡ್ಡ ಅನುಮಾನದ ಪ್ರಾಣಿ ಒಬ್ಬರೇ ಸಿಕ್ಕಿದ್ದು. ಶಿಕಾರಿಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ಮೇಡಂ. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯಲ್ಲ. ಬರೆದರೆ ಅವರೇ ಎದ್ದು ಬಂದು "ಯಾರು ಬರೀರಿ ಅಂದಿದ್ದು?" ಅಂತ ಕೇಳಿಯಾರು.

ಮೊದಲು ನೋಡಿದ್ದು ಜಡೆ ಅನ್ನೋ ಊರಿನ ಹತ್ತಿರ, ಹತ್ತು ವರ್ಷದ ಹಿಂದೆ. ಅಲ್ಲಿಂದ ಪರಿಚಯದವರೊಬ್ಬರು ಫೋನ್ ಮಾಡಿದರು. "ಸಾರ್, ಯಾರೋ ಹೆಂಗಸು ಬಂದಾರೆ. ಸರ್ವೆ ಅಂತಾರೆ. ಚೈನೂ ಇಲ್ಲ, ಮಿಷನ್ನೂ ಇಲ್ಲ, ಚಮಚ ಹಿಡ್ಕಂಡು ಕಾನಿನ ಅಂಚಲ್ಲಿ ಕೂತಾರೆ. ನಿಮ್ಮ ಕಡೆಯೋರಾ? ಬೇಗ ಬನ್ನಿ, ಇಲ್ಲಿ ಜನ ಸೇರ್‍ತಾ ಇದಾರೆ."

ಜನ ಸೇರೋದು ಸಹಜ. ಕಾನು ಅಂದರೆ ನಮ್ಮ ಕಡೆ ಊರಿಗೆ ಅಂಟಿಕೊಂಡಿರುವ ದಟ್ಟ ಹಸಿರು ಕಾಡಿನ ತುಂಡು. ಅದರ ಅಂಚಿನಲ್ಲಿ ಬಗರ್‌ಹುಕುಂ ಜಮೀನುಗಳು, ಅಂದರೆ ಸರ್ಕಾರದ ಜಾಗ ಉತ್ತುಕೊಂಡು, ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ ಹಾಕಿ ಕಾಯುತ್ತಿರುವವರದ್ದು. ಅಲ್ಲಿ ನಿಂತು 'ಸರ್ವೆ' ಅಂತ ಒಂದು ಮಾತು ಅಂದರೆ ಸಾಕು, ಅನ್ನ ಬಿಟ್ಟು ಎದ್ದು ಬರುತ್ತಾರೆ. ಈ ಮಹಾತಾಯಿ ಊರಿಗೆ ಕಾಲಿಟ್ಟ ಕೂಡಲೇ ಅದೇ ಮಾತು ಅಂದಿದ್ದರು.

ಹೋಗಿ ನೋಡಿದರೆ ಐವತ್ತು ದಾಟಿದ ಹೆಂಗಸು. ಸೀರೆ ಎತ್ತಿ ಕಟ್ಟಿ, ಕಾಲಿಗೆ ಗಂಡಸರ ಬೂಟು, ಹೆಗಲಿಗೆ ಶಾಲೆ ಮಕ್ಕಳ ಬ್ಯಾಗು. ಸುತ್ತ ಹತ್ತು ಜನ ಗಂಡಸರು ಗುರ್ ಅಂತ ನಿಂತಿದ್ದಾರೆ, ಇವರು ತರಗೆಲೆ ಸರಿಸಿ ಚಮಚದಲ್ಲಿ ಮಣ್ಣು ಎತ್ತುತ್ತಾ ಇದ್ದಾರೆ.

"ಯಾವ ಸರ್ವೆ ಮೇಡಂ?" ಅಂದೆ.

"ಬೂಷ್ಟಿನ ಸರ್ವೆರೀ."

ಎಲ್ಲರೂ ಗೊಳ್ಳೆಂದರು. ಒಬ್ಬ, "ಬೂಷ್ಟು ಬೇಕಾದ್ರೆ ನಮ್ಮನೆ ಉಪ್ಪಿನಕಾಯಿ ಭರಣೀಲಿ ಐತೆ, ತಗಂಡ್ ಹೋಗ್ರಿ" ಅಂದ. ಮೇಡಂ ನಗಲಿಲ್ಲ. "ಯಾವ ಉಪ್ಪಿನಕಾಯಿ? ಎಷ್ಟು ದಿನದ್ದು? ಉಪ್ಪು ಕಮ್ಮಿ ಆಗಿತ್ತಾ?" ಅಂತ ಅವನನ್ನೇ ಹಿಡಿದರು. ಅವನು ತಬ್ಬಿಬ್ಬಾಗಿ ಹಿಂದೆ ಸರಿದ.

"ಇದು ಲೋಳೆಬೂಷ್ಟು ಅಂತ," ಅಂದರು ನನಗೆ. "ಬೂಷ್ಟು ಅಂತ ಹೆಸರು, ಆದ್ರ ಬೂಷ್ಟಲ್ಲ."

"ಹಂಗಾದ್ರೆ ಸುಳ್ಳು ಹೆಸರಲ್ಲಿ ತಿರುಗೋದು ಅನ್ನಿ."

ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. "ಸರಿಯಾಗಿ ಹೇಳಿದ್ರಿ ನೋಡ್ರಿ."

ಕಾಲೇಜಿನ ಪತ್ರ ಕೊಟ್ಟರು. ಮೂರು ಸಲ ಓದಿದೆ, ಸೀಲನ್ನು ಬೆಳಕಿಗೆ ಹಿಡಿದೆ. "ಸೀಲ್ ನೋಡಿ ಏನ್ ಮಾಡ್ತೀರಿ? ಸೀಲ್ ಯಾರು ಬೇಕಾದ್ರೂ ಮಾಡಿಸ್ತಾರ. ಕಾಲೇಜಿಗೆ ಫೋನ್ ಹಚ್ಚಿ ಕೇಳ್ರಿ. ನಂಬರ್ ನಾನು ಕೊಡಂಗಿಲ್ಲ, ನೀವೇ ಹುಡುಕಿ ತಗೋರಿ. ನಾನು ಕೊಟ್ಟ ನಂಬರು ನಮ್ಮ ತಮ್ಮಂದು ಆಗಿದ್ರ?" ಅಂದರು. ನನ್ನ ವೃತ್ತಿಯಲ್ಲೇ ಇಷ್ಟು ಬುದ್ಧಿ ಇದ್ದವರನ್ನು ನೋಡಿರಲಿಲ್ಲ. ಫೋನ್ ಮಾಡಿದೆ, ಮಾತು ನಿಜವೇ ಆಗಿತ್ತು, ಜನ ಗೊಣಗುತ್ತಾ ಚದುರಿದರು.

ಅವರ ಕೆಲಸ ಇಷ್ಟು. ಶಿಕಾರಿಪುರದ ಕೆರೆ ಏರಿಗಳಿಂದ ಹಿಡಿದು ಸೊರಬದ ಕಾನುಗಳವರೆಗೆ, ಯಾವ ಮಣ್ಣಿನಲ್ಲಿ ಯಾವ ಜಾತಿಯ ಲೋಳೆಬೂಷ್ಟು ಇದೆ ಅಂತ ಪಟ್ಟಿ ಮಾಡೋದು. ಎರಡೂ ತಾಲ್ಲೂಕಿನಲ್ಲಿ ಅದನ್ನು ಯಾರೂ ಮಾಡಿಲ್ಲವಂತೆ. ಯಾವ ಗದ್ದೆ ಎಷ್ಟು ಹಳೇದು, ಕಾನಿನ ಗೆರೆ ಮೊದಲು ಎಲ್ಲಿತ್ತು ಅಂತ ತಿಳಿದ ಒಬ್ಬ ಮನುಷ್ಯ ಬೇಕಾಗಿತ್ತು. "ಭಾನುವಾರ ಬರ್‍ತೀರೇನ್ರೀ?" ಅಂದರು. ಒಪ್ಪಿಕೊಂಡೆ.

ಯಾಕೆ ಒಪ್ಪಿಕೊಂಡೆ ಅಂತ ಇಲ್ಲೇ ಹೇಳಿಬಿಡುತ್ತೀನಿ, ಮುಚ್ಚಿಟ್ಟುಕೊಂಡು ಕತೆ ಹೇಳೋಕೆ ನನಗೆ ಬರಲ್ಲ. ಕ್ಯಾಸನೂರಿನ ಕಡೆ ಒಂದು ಕಾನಿನ ಅಂಚಿಗೆ ನನ್ನದೂ ಎರಡೆಕರೆ ಇದೆ. ನನ್ನದು ಅನ್ನೋದು ಬಾಯಿಮಾತಿಗೆ. ಅಪ್ಪನ ಕಾಲದಿಂದ, ನಲವತ್ತು ವರ್ಷದಿಂದ ಉಳುತ್ತಿದ್ದೀವಿ ಅಂತ ಅರ್ಜಿ ಕೊಟ್ಟಿದ್ದೀನಿ. ಅಪ್ಪ ಆ ಜಾಗವನ್ನು ಕಣ್ಣಲ್ಲೂ ನೋಡಿರಲಿಲ್ಲ. ಮರ ಕಡಿದು ಬಯಲು ಮಾಡಿದ್ದು ನಾನು, ಮೇಡಂ ಬರುವುದಕ್ಕೆ ಏಳೆಂಟು ವರ್ಷ ಮುಂಚೆ. ನಕ್ಷೆಯಲ್ಲಿ ಕಾನಿನ ಗೆರೆಯನ್ನು ಅಷ್ಟು ಹಿಂದಕ್ಕೆ ಎಳೆದದ್ದೂ ನನ್ನದೇ ಪೆನ್ಸಿಲ್ಲು. ಊರವರ ಗಡಿಕಲ್ಲಿಗೆ ಮೆತ್ತಿದ ಪಾಚಿ ಕೆರೆದು ತೆಗೆದವನು, ನನ್ನ ಪಾಚಿ ಕೆರೆಯೋರು ಯಾರೂ ಇಲ್ಲ ಅಂತ ಆರಾಮಾಗಿದ್ದೆ. ಈಗ ಒಬ್ಬರು ಚಮಚ ಹಿಡಿದು ಬಂದಿದ್ದರು. ಹತ್ತಿರವೇ ಇದ್ದು ಕಣ್ಣಿಡೋಣ ಅಂತ ಹೋದೆ.

ಮೇಡಂ ಅವರದು ಶಿಕಾರಿಪುರದಲ್ಲಿ ಗಾದಿ ಹೊಲಿಯುವ ಮನೆತನ. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರಂತೆ. "ನಮ್ಮ ಅಬ್ಬಾ ಹತ್ತಿ ಮೂಟೆ ಬಂದ್ರ ಮೇಲಿಂದ ಮುಟ್ಟಿ ಒಪ್ತಿರಲಿಲ್ರೀ. ಹೊಟ್ಟೀಗೇ ಕೈ ಹಾಕಿ, ಒಳಗಿಂದ ಒಂದು ಹಿಡಿ ಎಳೆದು ಮೂಸಿ ನೋಡ್ತಿದ್ರು. ಮೇಲೆ ಒಣಗಿದ್ದು ಇಟ್ಟು ಒಳಗ ತೋಯ್ಸಿದ್ದು ತುಂಬ್ತಾರಲ್ಲ," ಅನ್ನೋರು. ಮಗಳೂ ಹಾಗೇ ಮಣ್ಣನ್ನು ಮೂಗಿಗೆ ಹಿಡಿದೇ ಚೀಲಕ್ಕೆ ಹಾಕುತ್ತಿದ್ದರು. ಚೀಲಗಳೂ ಗಾದಿ ಬಟ್ಟೆಯವೇ, ನೀಲಿ ಪಟ್ಟೆಯವು, ಅಂಗೈಯಷ್ಟು ಅಗಲ. ಮನೆಯಲ್ಲಿ ಉಳಿದ ತುಂಡುಗಳನ್ನು ಹೊಲಿದು, ನೀರಲ್ಲಿ ಕುದಿಸಿ, ಇಸ್ತ್ರಿ ಮಾಡಿ, ಮೇಲೆ ನಂಬರು ಬರೆದು ತರೋರು. ಚಮಚವನ್ನು ಪ್ರತಿ ಸಲವೂ ಸ್ಪಿರಿಟ್ ದೀಪದಲ್ಲಿ ಸುಟ್ಟು ಆರಿಸೋರು. ನಾನು ಸಹಾಯಕ್ಕೆ ಕೈ ಚಾಚಿದರೆ, "ಮುಟ್ಟಬ್ಯಾಡ್ರಿ, ನಿಮ್ಮ ಕೈಯಾಗ ಏನೈತೋ ಯಾರಿಗೆ ಗೊತ್ತು" ಅನ್ನೋರು. ಮೊದಮೊದಲು ಮೈ ಉರಿಯುತ್ತಿತ್ತು.

ಚೀಲ ತುಂಬಿದ ಮೇಲೆ ಬಾಯಿಗೆ ದಪ್ಪ ದಾರದಲ್ಲಿ ಒಂದು ಗಂಟು. ಗಾದಿಯಲ್ಲಿ ಹತ್ತಿ ಸರಿಯದ ಹಾಗೆ ನಡುನಡುವೆ ಹಾಕುತ್ತಾರಲ್ಲ, ಆ ಗಂಟು. ಎಡಗೈಯಲ್ಲಿ ಎರಡು ಸುತ್ತು, ಒಳಗಿಂದ ಒಂದು ಎಳೆತ, ದಾರದ ತುದಿ ಎಲ್ಲಿ ಹೋಯಿತು ಅಂತಲೇ ಕಾಣುತ್ತಿರಲಿಲ್ಲ. ಎಷ್ಟೋ ಸಲ ನೋಡಿದರೂ ನನಗೆ ಅದರ ಗುಟ್ಟು ಹತ್ತಲಿಲ್ಲ.

ಅವರ ಬಾಯಲ್ಲಿ ಸದಾ ಎರಡು ಮಾತು. "ಯಾರು ಹೇಳಿದ್ದು? ಅವರು ನೋಡಿದ್ರಾ?" ಆ ಹಣ್ಣು ವಿಷ ಅಂತೆ ಮೇಡಂ ಅಂದರೆ, ಯಾರು ಹೇಳಿದ್ದು. ಬಸ್ಸು ಹೋಯಿತಂತೆ ಅಂದರೆ, ಅವರು ನೋಡಿದ್ರಾ. ಜಮೀನು ಎಷ್ಟು ವರ್ಷದ್ದು ಅಂತ ಕೇಳಿ, ನಾನು ಹೇಳಿದ್ದನ್ನು ಬರೆದುಕೊಂಡು, ನಂಬಿಕೆ ಬಾರದಿದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತಿದ್ದರು, ನನ್ನ ಮುಖದ ಮುಂದೆಯೇ. ಮುಲಾಜು ಅನ್ನೋದು ಹೆಸರಿಗೂ ಇರಲಿಲ್ಲ.

ಕ್ಯಾಸನೂರಿನಲ್ಲಿ ಮಾತ್ರ ಒಬ್ಬ ಅಜ್ಜಿ ಅವರ ಬಾಯಿ ಮುಚ್ಚಿಸಿದ್ದಳು. ನಾವಿಬ್ಬರೂ ಮಂಗನ ಕಾಯಿಲೆ ಹರಡುವ ಉಣುಗು ಹುಳ ಹತ್ತದಿರಲಿ ಅಂತ ಕಾಲಿಗೆಲ್ಲ ಎಣ್ಣೆ ಬಳಿದುಕೊಂಡು ಹೊರಟಿದ್ದೆವು. ಅಜ್ಜಿ ಅಡ್ಡ ನಿಂತಳು. "ಹಿಂದೆ ಹಿಂಗೇ ಬಂದೋರು ಮಂಗನ ಕಾಯಿಲೆಗೆ ನಮ್ಮೂರ ಹೆಸರಿಟ್ಟು ಹೋದ್ರು. ದೇಶ ದೇಶದಲ್ಲಿ ನಮ್ಮೂರು ಅಂದ್ರೆ ಕಾಯಿಲೆ. ಈಗ ನೀವು ಬೂಷ್ಟಿಗೂ ನಮ್ಮೂರ ಹೆಸರೇ ಇಡ್ತೀರನೇ ತಾಯಿ?" ಮೇಡಂ ಪುಸ್ತಕ ತೆಗೆದು, ಆ ದಿನದ ಪುಟದಲ್ಲಿ ಊರಿನ ಹೆಸರು ಬರೆದಿದ್ದನ್ನು ಅಜ್ಜಿಗೆ ಕಾಣುವ ಹಾಗೆ ಹೊಡೆದು ಹಾಕಿ, ಬರೀ ನಂಬರು ಬರೆದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. "ಏನ್ ಹೊಡೆದಿದ್ದು ಅಂತ ನಂಗೇನು ಗೊತ್ತು?" ಅಂದಳು. "ಹೌದ್ರೀ ಅಮ್ಮಾ, ಅದೂ ಖರೇ," ಅಂತ ಮೇಡಂ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಓದಿಸಿದರು. ಅಜ್ಜಿ ನನ್ನನ್ನೂ ನಂಬಲಿಲ್ಲ, ಆದರೆ ದಾರಿ ಬಿಟ್ಟಳು.

ಅದಾದ ಮುಂದಿನ ಭಾನುವಾರ. ನನ್ನ ಬೈಕಿನ ಹಿಂದೆ ಕೂತು ಮೇಡಂ ಹೇಳಿದರು, ಕಾನಿನ ಮಣ್ಣಲ್ಲಿರೋ ಜಾತಿಗಳೇ ಬೇರೆ, ಬಹಳ ಕಾಲದಿಂದ ಉತ್ತ ಗದ್ದೆಯವೇ ಬೇರೆ ಅಂತ. "ಕಾಡು ಕಡಿದು ಹತ್ತು ವರ್ಷ ಆದ್ರೂ ಕಾನಿನವು ಆ ಮಣ್ಣಾಗ ಉಳದಿರ್‍ತಾವೇನೋ ಅಂತ ನನಗ ಅನುಮಾನ. ಇನ್ನೂ ಸಾಬೀತಾಗಿಲ್ಲ. ಅದಕ್ಕ ಇವತ್ತು ಕಾನಿನ ಒಳಗಿಂದ ಗದ್ದೆ ತನಕ ಒಂದೇ ಸಾಲಿನಾಗ ಹತ್ತು ಚೀಲ ತೆಗೀಬೇಕು."

"ಅಂದ್ರೆ ಯಾವಾಗ ಕಡಿದಿದ್ದು ಅಂತ ಮಣ್ಣೇ ಹೇಳಿಬಿಡುತ್ತಾ?"

"ಹೇಳಿದ್ರೂ ಹೇಳಬಹುದು."

ಅವರು ಫೋನಿನಲ್ಲಿ ಗುರುತು ಹಾಕಿಕೊಂಡಿದ್ದ ಸಾಲು ನೆಟ್ಟಗೆ ನನ್ನ ಎರಡೆಕರೆಯ ಮೇಲೇ ಹಾದು ಹೋಗುತ್ತಿತ್ತು. ನಲವತ್ತೊಂದನೇ ಚೀಲ ತುಂಬಿದ್ದು ಅಲ್ಲೇ.

"ಇದು ಯಾರದ್ರೀ?"

"ಯಾರದ್ದೋ."

"ಎಷ್ಟು ವರ್ಷದ ಉಳುಮೆ?"

"ನಲವತ್ತು."

"ಯಾರು ಹೇಳಿದ್ದು?"

"ಕಾಗದ ಐತೆ ಮೇಡಂ."

"ಕಾಗದ ಬರೆದವರು ನೋಡಿದ್ರಾ?"

ನಾನು ಕೆಮ್ಮಿದೆ. ಅವರು ನಲವತ್ತು ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು.

ಸಾಲು ಮುಗಿಸಿ ಸೊರಬಕ್ಕೆ ಬಂದೆವು, ನಮ್ಮ ಮನೆಯಲ್ಲೇ ಊಟ. ಬ್ಯಾಗನ್ನು ಜಗುಲಿಯ ಮೇಲಿಟ್ಟು ಮೇಡಂ ಒಳಗೆ ನನ್ನ ಹೆಂಡತಿಯ ಹತ್ತಿರ ಮಾತಿಗೆ ಕೂತರು. ನಾನು ಬ್ಯಾಗು ಬಿಚ್ಚಿದೆ. ನಲವತ್ತೊಂದನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ಗಂಟು ಕತ್ತರಿಸಿ, ಮಣ್ಣು ಚೆಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕರಿಬೇವಿನ ಬುಡದಿಂದ ಒಂದು ಹಿಡಿ ತುಂಬಿದೆ. ಸೋಪಿನ ನೀರು ಕುಡಿದ ಮಣ್ಣು, ಅದರಲ್ಲಿ ಯಾವ ಕಾನಿನ ನೆಂಟ ಇದ್ದಾನು ಅಂತ ಲೆಕ್ಕ. ಹೆಂಡತಿ ನೀರಿಗೆ ಅಂತ ಹಿತ್ತಲಿಗೆ ಬಂದವಳು, "ಏನ್ರೀ ಇದು, ಈ ವಯಸ್ಸಲ್ಲಿ ಮಣ್ಣಾಟ?" ಅಂದಳು. "ಸುಮ್ನಿರೆ," ಅಂದೆ.

ಆಮೇಲೆ ಗಂಟಿನ ತಾಪತ್ರಯ. ಎರಡು ಸುತ್ತು, ಒಳಗಿಂದ ಎಳೆತ, ಮೂರು ಸಲ ಮಾಡಿದರೂ ಬರಲಿಲ್ಲ. ಕೊನೆಗೆ ಅಳತೆಯ ಕೋಲಿಗೆ ಬಾವುಟ ಕಟ್ಟುವ ನಮ್ಮ ಸರ್ವೆಯವರ ಗಂಟನ್ನೇ ಬಿಗಿದು, ತುದಿ ಕಾಣದ ಹಾಗೆ ಒಳಗೆ ತುರುಕಿಟ್ಟೆ. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ ಗಂಟು.

ಊಟ ಮುಗಿಸಿ ಹೊರಡುವಾಗ ಮೇಡಂ ಎಂದಿನಂತೆ ಚೀಲಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿದರು. ಒಂದು ಕಡೆ ಬೆರಳು ಸ್ವಲ್ಪ ನಿಂತಿತು. ಆಮೇಲೆ ಮುಂದಕ್ಕೆ ಹೋಯಿತು. "ಊಟ ಭಾಳ ಚಲೋ ಇತ್ರೀ ಅಕ್ಕಾ," ಅಂತ ನನ್ನ ಹೆಂಡತಿಗೆ ಹೇಳಿ ಬಸ್ಸು ಹತ್ತಿದರು.

ಅವತ್ತಿನಿಂದ ಶುರುವಾಯಿತು ನನ್ನ ಗೋಳು. ಗೊತ್ತಾಗಿದೆಯೋ, ಗೊತ್ತಾಗಿಲ್ಲವೋ? ಗೊತ್ತಾಗಿದ್ದರೆ ಬೈಯಬೇಕಲ್ಲ! ಬೈಯಲಿಲ್ಲ. ಅದುವರೆಗೆ ಬೈಕಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳತೊಡಗಿದರು, ಅಷ್ಟೇ. ಕೇಳಿದರೆ "ಕುಲುಕ್ತೈತ್ರೀ" ಅಂದರು. ಮೊದಲು ಕುಲುಕುತ್ತಿರಲಿಲ್ಲವೇ?

ಒಂದು ದಿನ ಕಾಲೇಜಿಗೆ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಣಹುಲ್ಲು ಬೇಯಿಸಿದ ನೀರಿನ ಜೆಲ್ಲಿ ತಟ್ಟೆಯ ಮೇಲೆ ಮಣ್ಣಿನ ನೀರು ಹನಿಸಿ ಬೆಳೆಸಿದ್ದು. ಬರಿಗಣ್ಣಿಗೆ ಕಾಣದ ಚುಕ್ಕೆಗಳು. ತಿನ್ನೋಕೆ ಇರುವವರೆಗೂ ಒಂದಕ್ಕೊಂದು ಸಂಬಂಧವಿಲ್ಲದೆ ತಿರುಗುತ್ತವಂತೆ. ತಿನಿಸು ತೀರಿತೋ, ಎಲ್ಲವೂ ಒಂದೆಡೆ ಸೇರಿ, ಒಂದೇ ಹುಳುವಿನ ಹಾಗೆ ಹರಿದು, ಆಮೇಲೆ ಎದ್ದು ನಿಲ್ಲುತ್ತವೆ. ಕೆಲವು ಕಡ್ಡಿಯಾಗಿ ಸಾಯುತ್ತವೆ, ಉಳಿದವು ಆ ಕಡ್ಡಿಯ ತುದಿಯಲ್ಲಿ ಬೀಜವಾಗಿ ಬದುಕುತ್ತವೆ. ಗಾಜಿನ ಗುಂಡುಸೂಜಿಗಳನ್ನು ನೆಟ್ಟ ಹಾಗಿತ್ತು. ನಾನು ಅಯ್ಯೋ ಶಿವನೇ ಅಂದೆ.

"ಇದರಾಗೂ ಕಳ್ಳರು ಇರ್‍ತಾವ್ರೀ," ಅಂದರು ಮೇಡಂ. "ಕಡ್ಡಿ ಆಗೋ ಸರದಿ ಬಂದ್ರ ತಪ್ಪಿಸಿಕೊಂಡು ಮೇಲೆ ಬೀಜದ ಜಾಗಕ್ಕ ನುಗ್ತಾವ."

"ಅಂಥವನ್ನ ಉಳಿದವು ಏನು ಮಾಡ್ತಾವೆ?"

"ಹೊತ್ಕೊಂಡು ನಿಲ್ತಾವ. ಇನ್ನೇನು ಮಾಡ್ಯಾವು?"

ನನಗೇ ಹೇಳಿದರಾ? ನನ್ನ ಕಣ್ಣು ಸೂಕ್ಷ್ಮದರ್ಶಕದ ಮೇಲಿತ್ತು, ಅವರ ಮುಖ ಕಾಣಲಿಲ್ಲ. "ನಲವತ್ತೊಂದರಲ್ಲಿ ಏನು ಬಂತು ಮೇಡಂ?" ಅಂತ ಕೇಳಿಯೇ ಬಿಟ್ಟೆ. "ಅದಿನ್ನೂ ಹಾಕಿಲ್ರೀ," ಅಂದರು. ಮೂವತ್ತಾರರಿಂದ ನಲವತ್ತೈದರವರೆಗೆ, ಅದೊಂದು ಬಿಟ್ಟು ಉಳಿದ ತಟ್ಟೆಗಳು ಸಾಲಾಗಿ ಕೂತಿದ್ದವು. ನನಗೆ ಸಿಟ್ಟು ಬಂತು, ನೋಡಿ ಎಂಥ ಮನುಷ್ಯ ನಾನು. ತಪ್ಪು ಮಾಡಿದವನೂ ನಾನೇ, ಇವರು ನನ್ನನ್ನು ಆಟ ಆಡಿಸುತ್ತಿದ್ದಾರೆ ಅಂತ ಉರಿದುಕೊಂಡವನೂ ನಾನೇ. ಮುಂದಿನ ಭಾನುವಾರ ಮೈ ಹುಷಾರಿಲ್ಲ ಅಂದೆ. ಅದರ ಮುಂದಿನ ಭಾನುವಾರ ಫೋನ್ ಎತ್ತಲಿಲ್ಲ. ಮೂರನೆಯದಕ್ಕೆ ಅವರೇ ಮಾಡಲಿಲ್ಲ.

ಆಮೇಲೆ ಒಂದೇ ಸಲ ಸಿಕ್ಕಿದ್ದು, ಸೊರಬದ ಬಸ್‌ಸ್ಟ್ಯಾಂಡಿನಲ್ಲಿ. ರಿಟೈರ್ ಆಗಿದ್ದರು, ಸೊರಗಿದ್ದರು. ಸರ್ವೆ ಏನಾಯಿತು ಅಂದೆ. "ವಿಜ್ಞಾನದ ಪತ್ರಿಕೆಗೆ ಬರೆದು ಕಳಿಸಿದ್ದು ವಾಪಸ್ ಬಂತ್ರೀ. ಕಾನಿನಿಂದ ಗದ್ದೆಗೆ ಹೋಗೋ ಸಾಲು ಪೂರ್ತಿ ಇಲ್ಲ, ಅದಿಲ್ಲದ ಈ ಮಾತು ಒಪ್ಪಂಗಿಲ್ಲ ಅಂದ್ರು. ಅವರು ಅಂದಿದ್ದು ಬರೋಬ್ಬರಿ ಐತಿ." ಅಷ್ಟು ಹೇಳಿ ನನ್ನ ಹೆಂಡತಿಯ ಮಂಡಿನೋವು ವಿಚಾರಿಸಿದರು. ಬಾಯಿ ಬಿಡಿಸೋಕೆ ನೋಡುತ್ತಿದ್ದಾರೆ ಅಂದುಕೊಂಡೆ. ಬಸ್ಸಿಗೆ ಹೊತ್ತಾಯಿತು ಅಂತ ಅಲ್ಲಿಂದ ಎದ್ದು ಬಂದೆ. ನನ್ನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ತೀರಿಕೊಂಡ ಸುದ್ದಿ ತಂದವರು, ಕಾಲೇಜಿನಲ್ಲಿ ಅವರ ಜಾಗಕ್ಕೆ ಬಂದಿರುವ ಲೆಕ್ಚರರ್. ಮೂವತ್ತೈದರ ಹೆಣ್ಣುಮಗಳು, ಮೇಡಂ ಬಿಟ್ಟ ಸರ್ವೆಯನ್ನು ಅವರೇ ಮುಂದುವರಿಸುತ್ತಿದ್ದಾರಂತೆ. ನಮ್ಮ ಜಗುಲಿಯ ಮೇಲೆ ಕೂತು, ಬ್ಯಾಗಿನಿಂದ ಒಂದು ಚೀಲ ತೆಗೆದು ನನ್ನ ಮುಂದಿಟ್ಟರು. ಅಂಗೈ ಅಗಲದ್ದು, ನೀಲಿ ಪಟ್ಟೆಯದ್ದು. ಅದಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಮೇಡಂ ಅಕ್ಷರ: "ಸೊರಬದ ಸರ್ವೆಯರ್ ಅವರಿಗೆ ವಾಪಸ್."

ಬಾಯಿಗೆ ನನ್ನ ಗಂಟು. ಬಾವುಟದ ಗಂಟು. ಯಾರೂ ಬಿಚ್ಚಿರಲಿಲ್ಲ.

"ಪುಸ್ತಕದಲ್ಲೂ ಇದೆ ಸಾರ್," ಅಂತ ಆ ಪುಟ ತೆರೆದು ತೋರಿಸಿದರು. ನಲವತ್ತೊಂದರ ಎದುರು ಜಾತಿಯ ಹೆಸರಿಲ್ಲ, ಏನಿಲ್ಲ. ಬರೀ ಇಷ್ಟು: "ಗಂಟು ನನ್ನದಲ್ಲ. ಬಿಚ್ಚಬಾರದು."

"ನಾನು ಆಗ ಅವರ ಕೈಕೆಳಗೆ ಓದ್ತಿದ್ದೆ. ಇನ್ನೊಂದು ಸಲ ಹೋಗಿ ಅದೊಂದು ಮಣ್ಣು ತಂದುಬಿಡೋಣ ಮೇಡಂ, ಒಂದು ದಿನದ ಕೆಲಸ ಅಂದೆ. ಒಪ್ಪಲಿಲ್ಲ. 'ಅಲ್ಲಿ ಒಬ್ಬರಿಗೆ ಹೆದರಿಕೆ ಐತಿ. ಹೆದರಿಸಿ ತಂದ ಮಣ್ಣು ನನಗ ಬ್ಯಾಡ' ಅಂದ್ರು. ಯಾರಿಗೆ ಅಂತ ಕೇಳಿದ್ರೆ ಹೇಳಲೇ ಇಲ್ಲ. ಏಳು ವರ್ಷದ ಕೆಲಸ ಸಾರ್, ಹಾಗೇ ಬಿಟ್ಟುಬಿಟ್ರು."

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ನನಗೆ ಅಳು ಬಂತು. ಅರವತ್ತೆಂಟು ವರ್ಷದ ಗಂಡಸು, ಬೇರೆಯವರ ಮುಂದೆ ಅತ್ತೆ. ಎದುರಿಗೆ ಸಿಕ್ಕವರ ಮಾತಿಗೆಲ್ಲ ಪ್ರಶ್ನೆ ಹಾಕುತ್ತಿದ್ದ ಆ ಹೆಂಗಸು, ಈ ಗಂಟಿನ ಬಗ್ಗೆ ನನಗೆ ಒಂದೇ ಒಂದು ಪ್ರಶ್ನೆ ಕೇಳದೆ ಹೋಗಿಬಿಟ್ಟರಲ್ಲ! ಕೇಳಿದ್ದರೆ ಸುಳ್ಳು ಹೇಳಿಯಾದರೂ ಪಾರಾಗುತ್ತಿದ್ದೆ.

"ಖಾಲಿ ಚೀಲ ತಂದಿದ್ದೀಯೇನಮ್ಮ?" ಅಂತ ಕೇಳಿದೆ. ತಂದಿದ್ದರು.

ಅರ್ಜಿ ಇನ್ನೂ ತಾಲ್ಲೂಕು ಕಚೇರಿಯಲ್ಲಿ ಬಾಕಿ ಇದೆ. ಇವರು ಬರೆದದ್ದು ಅಚ್ಚಾದರೆ ಯಾರ ಕಣ್ಣಿಗೆ ಬೀಳುತ್ತೋ, ಎರಡೆಕರೆ ಉಳಿಯುತ್ತೋ ಹೋಗುತ್ತೋ, ನನಗೆ ಗೊತ್ತಿಲ್ಲ. ಬೈಕು ಓಡಿಸುವ ಶಕ್ತಿ ಈಗಿಲ್ಲ, ಅವರ ಸ್ಕೂಟರಿನ ಹಿಂದೆ ಕೂತು ಹೋದೆ. ಜಾಗ ತೋರಿಸಿದೆ. ಆಕೆ ಚಮಚ ಸುಟ್ಟು, ಆರಿಸಿ, ಮಣ್ಣು ತೆಗೆದು ಮೂಸಿ ನೋಡಿದರು. ಯಾರಿಂದ ಕಲಿತದ್ದು ಅಂತ ಕೇಳಬೇಕಾಗಿರಲಿಲ್ಲ. ಚೀಲ ಕಟ್ಟಿ ಪುಸ್ತಕ ತೆಗೆದರು.

"ಇಲ್ಲಿ ನಲವತ್ತು ವರ್ಷದ ಉಳುಮೆ ಅಂತ ಇದೆ ಸಾರ್, ಪ್ರಶ್ನೆ ಚಿಹ್ನೆ ಹಾಕಿದ್ದಾರೆ."

"ಹೊಡೆದು ಹಾಕು. ಕಾನು ಕಡಿದು ಹದಿನೆಂಟು ವರ್ಷ ಆಯ್ತು, ಅಷ್ಟೇ."

ಆಕೆ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. "ಯಾರು ಹೇಳಿದ್ದು? ಅವರು ನೋಡಿದ್ರಾ?"

"ಕಡಿದವನೇ ನಾನಮ್ಮ," ಅಂದೆ.

ಬರೆದುಕೊಂಡರು. ನಾನು ಬಗ್ಗಿ ನೋಡಿದೆ. ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿರಲಿಲ್ಲ.